ಕಸಿಯದೆ ಬೇಡಿದ ಜೋಳಿಗೆ

ಜಮಖಂಡಿ ಸೀಮೆಯ ಚಿಕ್ಕಪಡಸಲಗಿಯೆಂದೊಡನೆ ನೆನಪಾಗುವುದು ಕೃಷ್ಣಾ ನದಿಗೆ ರೈತರೇ ಕಟ್ಟಿದ ಬ್ಯಾರೇಜು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಹಳ್ಳಿಗರು ಹಣವನ್ನೂ ಬೆವರನ್ನೂ ಕೂಡಿಸಿ 1989ರಲ್ಲಿ ಪೂರೈಸಿದ ಕಾರ್ಯವದು. ‘ಶ್ರಮಬಿಂದು ಸಾಗರ’ವೆಂಬ ಹೆಸರು ಅದಕ್ಕೆ ಸಲ್ಲುವಂತಹುದೇ. ಜನರು ಮನವೊಪ್ಪಿ ಕೊಟ್ಟುದರ ಬಲವೆಷ್ಟೆಂಬುದಕ್ಕೆ ಅದೊಂದು ಸಾಕ್ಷಿ.

ಅದೇ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಇನ್ನೊಂದು ಬಗೆಯ ಕೊಡುಗೆಯನ್ನು ಬೇಡಿದವರು ಚಿತ್ತರಗಿ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು. 1975ರಿಂದ ಅವರು ಹೆಗಲಿಗೆ ಜೋಳಿಗೆ ಹಾಕಿ ಊರೂರು ತಿರುಗಿದರು. ಕೇಳಿದ್ದು ಕಾಳನ್ನಲ್ಲ, ಕಾಸನ್ನಲ್ಲ, ಜನರ ದುಶ್ಚಟಗಳನ್ನು. ಮನೆಯವರಿಂದಲೂ ಊರವರಿಂದಲೂ ಛೀಮಾರಿ ಹಾಕಿಸಿಕೊಂಡ ಕುಡುಕನು ಆ ಜೋಳಿಗೆಯ ಮುಂದೆ ದಾನಿಯಾಗಿ ನಿಂತನು. ಕೊಡುವುದೂ ಬಿಡುವುದೂ ಅವನ ಇಚ್ಛೆ. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಆದರೆ ಮನೆಯೇ ಇಲ್ಲದವನ ಗತಿಯೇನು? ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗುವವನಿಗೆ ಕೊಟ್ಟ ಮಾತನ್ನು ನೆನಪಿಸಲು ಹೆಂಡತಿಯಿಲ್ಲ, ಮಕ್ಕಳಿಲ್ಲ. ಚಳಿಗೂ ಹಸಿವಿಗೂ ನಿದ್ದೆಗೂ ಅವನು ಕಂಡುಕೊಂಡ ಮದ್ದು ಅದೊಂದೇ. ಜೋಳಿಗೆ ಹೊರಟ ಅದೇ 1975ರಲ್ಲಿ ಭಿಕ್ಷಾಟನೆ ನಿಷೇಧದ ಕಾಯಿದೆಯೂ ಬಂದಿತು. ಬೀದಿಯಲ್ಲಿ ಕೈಯೊಡ್ಡಿದವನನ್ನು ಹಿಡಿದೊಯ್ದು ನಿರಾಶ್ರಿತರ ಕೇಂದ್ರದಲ್ಲಿಡಲು ಅದು ಅಧಿಕಾರ ಕೊಟ್ಟಿತು. 2010ರಲ್ಲಿ ಬೆಂಗಳೂರಿನ ಅಂತಹ ಕೇಂದ್ರದಲ್ಲಿ ಒಂದರ ಹಿಂದೊಂದು ಸಾವುಗಳು ಸಂಭವಿಸಿದಾಗ ನಾಡೇ ಬೆಚ್ಚಿತು.

ಬಲವಂತವು ಇಲ್ಲಿ ನಿರ್ದಯವಷ್ಟೇ ಅಲ್ಲ, ಅಪಾಯಕರವೂ ಹೌದು. ಬಹುಕಾಲ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಕ, ಸೆಳವು, ಭ್ರಮೆ ತಲೆದೋರಬಹುದು, ಪ್ರಾಣವೂ ಹೋಗಬಹುದು. ಅವನಿಗೆ ಬೇಕಾದುದು ಬೀಗವಲ್ಲ. ವೈದ್ಯರ ಆರೈಕೆ, ಅನ್ನ, ಬಿ-1 ಜೀವಸತ್ವ.

ಅಮೆರಿಕದ ಸಿಯಾಟಲ್ ನಗರದಲ್ಲಿ 2005ರಲ್ಲಿ ಇಂತಹ 75 ಮಂದಿಗಾಗಿ ವಸತಿಗೃಹವೊಂದನ್ನು ತೆರೆದರು. ಕುಡಿತ ಬಿಟ್ಟರೆ ಮಾತ್ರ ಕೋಣೆಯೆಂಬ ಷರತ್ತನ್ನೇ ಹಾಕಲಿಲ್ಲ. ಊರಿನವರು ಹುಬ್ಬೇರಿಸಿದರು. ಆದರೆ 2009ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯೇ ಕಥೆ ಹೇಳಿತು: ಸೂರು ಸಿಕ್ಕವರ ಕುಡಿತವು ತಿಂಗಳು ಕಳೆದಂತೆ ತಗ್ಗಿತು, ಆಸ್ಪತ್ರೆ, ಸೆರೆಮನೆಗಳಿಗೆ ತಗಲುವ ವೆಚ್ಚವೂ ಇಳಿಯಿತು.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮದ್ಯವ್ಯಸನದಿಂದಾಗುವ ಮನೋವಿಕಾರಗಳನ್ನು ಕಾಯಿಲೆಯೆಂದೇ ಎಣಿಸಿದೆ. ವಸತಿಹೀನ ರೋಗಿಗೆ ಉಚಿತ ಚಿಕಿತ್ಸೆಯ ಹಕ್ಕನ್ನು ಕೊಟ್ಟಿದೆ. ಚಿಕಿತ್ಸೆಯ ವಿಷಯದಲ್ಲಿ ಅವನ ಮಾತಿಗೂ ಬೆಲೆಯಿತ್ತಿದೆ.

ಬೆಂಚಿನ ಮೇಲೆ ಮಲಗಿದವನನ್ನು ಕಂಡು ಮೂಗು ಮುಚ್ಚಿ ದಾಟಿಹೋಗುವುದು ಸುಲಭ. ಎಳೆದೊಯ್ದು ಕೂಡಿಹಾಕುವುದು ಅದಕ್ಕಿಂತ ಕಷ್ಟವೇನಲ್ಲ. ಅವನಿಗೊಂದು ಸೂರು ಕೊಟ್ಟು, ಉಣಬಡಿಸಿ, ಅವನಾಗಿಯೇ ಕೈನೀಡುವವರೆಗೆ ಜೋಳಿಗೆ ಹಿಡಿದು ಕಾಯುವುದಕ್ಕೆ ಬೇಕು ತಾಳ್ಮೆ. ಇಳಕಲ್ಲಿನ ಸ್ವಾಮಿಗಳಿಗೆ ಆ ತಾಳ್ಮೆಯಿತ್ತು.