ಪೆಂಗ್ವಿನ್ನಿಗೂ ಒಂದು ಮನೆ ಬೇಕಲ್ಲವೇ?

ಬೇಸಿಗೆ ರಜೆ ಬಂತೆಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಮನೆಗಳಲ್ಲಿ ಮುಂಬಯಿಯ ನೆಂಟರ ಮನೆಗೆ ಹೊರಡುವ ಗಡಿಬಿಡಿ. ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮಿರಜಿನಲ್ಲಿ ರೈಲು ಹಿಡಿಯುವವರು ಕೆಲವರು, ಹೆದ್ದಾರಿಯಲ್ಲಿ ಬಸ್ಸು ಹತ್ತುವವರು ಕೆಲವರು. ಮುಂಬಯಿ ಮುಟ್ಟಿದ ಮೇಲೆ ಮಕ್ಕಳ ಹಟ ಒಂದೇ: ಬೈಕುಲಾದ ರಾಣಿಬಾಗಿನಲ್ಲಿ ಪೆಂಗ್ವಿನ್ ನೋಡಬೇಕು!

ರಾಣಿಬಾಗಿನ ಈಗಿನ ಹೆಸರು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. 2016ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಿಂದ ಎಂಟು ಪೆಂಗ್ವಿನ್‌ಗಳು ಇಲ್ಲಿಗೆ ಬಂದವು. ಅವುಗಳಲ್ಲಿ ಒಂದು ಅಕ್ಟೋಬರಿನಲ್ಲೇ ತೀರಿಕೊಂಡಿತು. ಉಳಿದ ಏಳನ್ನು 2017ರ ಮಾರ್ಚ್‌ನಿಂದ ಜನರು ನೋಡತೊಡಗಿದರು. 2018ರ ಸ್ವಾತಂತ್ರ್ಯ ದಿನದಂದು ಒಂದು ಮರಿ ಹುಟ್ಟಿತು. ಭಾರತದ ನೆಲದಲ್ಲಿ ಕಣ್ಣು ಬಿಟ್ಟ ಮೊದಲ ಪೆಂಗ್ವಿನ್ ಅದು. ಪಾಪ, ಬದುಕಿದ್ದು ಒಂದೇ ವಾರ. 2021ರಲ್ಲಿ ಅಲ್ಲಿ ಮತ್ತೆ ಮರಿಗಳಾದವು.

ಮಂಜಿನ ಹಕ್ಕಿಯಲ್ಲ

ಗಾಜಿನ ಮುಂದೆ ನಿಂತ ಮಕ್ಕಳು, "ಅವ್ವಾ, ಮಂಜಿನಾಗ ಇರೂ ಹಕ್ಕಿ ಇಲ್ಲಿಗೆ ಯಾಕ ತಂದ್ರ?" ಎಂದು ಕೇಳೋದು ಸಹಜ. ಏನು ಹೇಳುತ್ತೀರಿ?

ಹೀಗೆ ಹೇಳಿ: ಪೆಂಗ್ವಿನ್‌ಗಳಲ್ಲಿ ಸುಮಾರು 18 ಜಾತಿಗಳಿವೆ. ಎಲ್ಲವೂ ಮಂಜಿನ ನಾಡಿನವಲ್ಲ. ಮುಂಬಯಿಯಲ್ಲಿರುವುದು ಹಂಬೋಲ್ಟ್ ಪೆಂಗ್ವಿನ್. ಇದರ ತವರು ದಕ್ಷಿಣ ಅಮೆರಿಕದ ಪೆರು ಮತ್ತು ಚಿಲಿ ದೇಶಗಳ ಕಡಲತೀರ. ದಂಡೆಯ ಬಹುಭಾಗ ಮಳೆ ಕಾಣದ ಮರಳುಗಾಡು, ಪಕ್ಕದಲ್ಲೇ ತಣ್ಣನೆಯ ಸಮುದ್ರ. ಹಕ್ಕಿ ಎರಡಡಿಗಿಂತ ತುಸು ಎತ್ತರ, ತೂಕ ನಾಲ್ಕೈದು ಕಿಲೋ. ಸಾಮಾನ್ಯವಾಗಿ ಎರಡು ಮೊಟ್ಟೆ. ಸುಮಾರು 40 ದಿನ ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೊಡುತ್ತವೆ. ಮನೆಗೆಲಸವೆಲ್ಲ ಹೆಂಡತಿಯದೇ ಎಂಬ ಲೆಕ್ಕ ಅಲ್ಲಿಲ್ಲ, ನೋಡಿ!

ಮನೆ ಹೋಯಿತು, ಊಟವೂ ಹೋಯಿತು

ಈ ಹಕ್ಕಿಯ ಮನೆ ಯಾವುದರದ್ದು ಗೊತ್ತೇ? ಹಿಕ್ಕೆಯದು! ಆ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಸಾವಿರಾರು ವರ್ಷ ಬಿದ್ದು ಬಿದ್ದು, ಒಣಗಿ ಗುಡ್ಡವಾಗಿತ್ತು. ಅದರಲ್ಲಿ ಬಿಲ ತೋಡಿ ಪೆಂಗ್ವಿನ್ ಮೊಟ್ಟೆ ಇಡುತ್ತಿತ್ತು. ಒಳಗೆ ಬಿಸಿಲು ತಾಗದು, ಮೇಲಿನಿಂದ ಎರಗುವ ಹಕ್ಕಿಗಳ ಭಯವಿಲ್ಲ.

ಹೊಲದಲ್ಲಿ ಕುರಿ ಹಿಂಡು ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳುವ ನಮ್ಮ ರೈತರಿಗೆ ಹಿಕ್ಕೆಯ ಬೆಲೆ ಗೊತ್ತು. ಯುರೋಪಿನವರಿಗೂ ಗೊತ್ತಾಯಿತು. 19ನೆಯ ಶತಮಾನದಲ್ಲಿ ಹಡಗುಗಟ್ಟಲೆ ಗೊಬ್ಬರ ಸಾಗಿಸಿ ಗುಡ್ಡಗಳನ್ನೇ ಬೋಳು ಮಾಡಿದರು. ಪೆಂಗ್ವಿನ್ ಬಯಲಿಗೆ ಬಿತ್ತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆಯ ನೆರೆಗೆ ಮನೆ ಬಿಟ್ಟು ಮಕ್ಕಳನ್ನು ಕಟ್ಟಿಕೊಂಡು ಕಾಳಜಿ ಕೇಂದ್ರ ಸೇರಿದ ತಾಯಂದಿರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಊಟಕ್ಕೂ ಕಲ್ಲು ಬಿತ್ತು. ಇದರ ಮುಖ್ಯ ಆಹಾರ ಆಂಚೊವಿ ಎಂಬ ಸಣ್ಣ ಮೀನು. ಅದನ್ನು ದೊಡ್ಡ ಬಲೆಗಳಲ್ಲಿ ಬಾಚಿ, ಒಣಗಿಸಿ ಪುಡಿ ಮಾಡಿ, ಸಾಕಿದ ಮೀನು, ಕೋಳಿಗಳಿಗೆ ಮೇವಾಗಿ ಮಾರುತ್ತಾರೆ. ಪೆಂಗ್ವಿನ್‌ಗಳೂ ಬಲೆಗೆ ಸಿಕ್ಕಿ ಸಾಯುತ್ತವೆ. ಕೆಲವು ವರ್ಷ ಎಲ್ ನಿನೊ ಎಂಬ ಬಿಸಿನೀರಿನ ಕಾಟ ಬೇರೆ. ಆಗ ಮೀನು ಆಳಕ್ಕಿಳಿದು ಹಕ್ಕಿಗಳು ಉಪವಾಸ ಬೀಳುತ್ತವೆ. 1982-83ರಲ್ಲಿ ಪೆರುವಿನ ಅರ್ಧಕ್ಕಿಂತ ಹೆಚ್ಚು ಪೆಂಗ್ವಿನ್‌ಗಳು ಹೀಗೇ ಇಲ್ಲವಾದವು.

ಕೈ ಹಿಡಿದವರೂ ಇದ್ದಾರೆ

ಹಾಗಂತ ನಿರಾಶೆ ಬೇಡ. ಪೆರು ಸರಕಾರ 2009ರಲ್ಲಿ ಆ ಹಿಕ್ಕೆಯ ದ್ವೀಪಗಳನ್ನೂ ಭೂಶಿರಗಳನ್ನೂ ರಕ್ಷಿತ ಪ್ರದೇಶವೆಂದು ಸಾರಿತು. ಆಫ್ರಿಕದ ಪೆಂಗ್ವಿನ್‌ನ ಗತಿ ಇನ್ನೂ ಕಷ್ಟ. 2024ರಲ್ಲಿ ಅದು ಅಳಿವಿನ ತೀರ ಅಂಚಿಗೆ ಬಂದ ಜೀವಿಗಳ ಪಟ್ಟಿ ಸೇರಿತು. ಪಕ್ಷಿಪ್ರೇಮಿ ಸಂಸ್ಥೆಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕದ ಹೈಕೋರ್ಟ್ ಆದೇಶದಂತೆ ಆರು ನೆಲೆಗಳ ಸುತ್ತ ದೊಡ್ಡ ಬಲೆಯ ಮೀನುಗಾರಿಕೆಗೆ ತಡೆ ಬಿತ್ತು.

ಹೆಣಿಗೆ ಬಲ್ಲ ಸೋದರಿಯರಿಗೆ ಇನ್ನೊಂದು ಸುದ್ದಿ. ಆಸ್ಟ್ರೇಲಿಯದ ಫಿಲಿಪ್ ದ್ವೀಪದ ಬಳಿ 2001ರಲ್ಲಿ ಸಮುದ್ರಕ್ಕೆ ತೈಲ ಚೆಲ್ಲಿ 438 ಪುಟ್ಟ ಪೆಂಗ್ವಿನ್‌ಗಳ ಮೈಗೆ ಮೆತ್ತಿತು. ಎಣ್ಣೆ ಹತ್ತಿದರೆ ಗರಿಯೊಳಗೆ ನೀರು ಇಳಿದು ಚಳಿ ಹಿಡಿಯುತ್ತದೆ. ಕೊಕ್ಕಿನಿಂದ ತೀಡಿಕೊಂಡರೆ ವಿಷ ಹೊಟ್ಟೆಗೆ ಹೋಗುತ್ತದೆ. ಅದಕ್ಕೇ ತೊಳೆಯುವವರೆಗೆ ಅವಕ್ಕೆ ಉಣ್ಣೆಯ ಪುಟ್ಟ ಸ್ವೆಟರ್ ತೊಡಿಸುತ್ತಿದ್ದರು! ನೂರಕ್ಕೆ 96 ಹಕ್ಕಿಗಳು ಉಳಿದವು. ದೇಶವಿದೇಶದ ಜನ ಎಷ್ಟು ಸ್ವೆಟರ್ ಹೆಣೆದು ಕಳಿಸಿದರೆಂದರೆ, ಕೊನೆಗೆ "ಸಾಕು" ಅನ್ನಬೇಕಾಯಿತು.

ನೀವು ಮಾಡಬಹುದಾದದ್ದು

ಏಪ್ರಿಲ್ 25 ವಿಶ್ವ ಪೆಂಗ್ವಿನ್ ದಿನ. ಮಕ್ಕಳಿಗೂ ಆಗ ರಜೆ. ಕೋಳಿಯ ಎರಡು ಗರಿ ಹುಡುಕಿ ತರಲು ಹೇಳಿ. ಒಂದಕ್ಕೆ ಅಡುಗೆ ಎಣ್ಣೆ ಸವರಿ, ಎರಡನ್ನೂ ನೀರಿನಲ್ಲಿ ಅದ್ದಿಸಿ. ಒಂದರ ಮೇಲೆ ನೀರು ಮುತ್ತಿನಂತೆ ಜಾರುತ್ತದೆ, ಇನ್ನೊಂದು ಮುದ್ದೆಯಾಗುತ್ತದೆ. ಆಮೇಲೆ ಸಾಬೂನು ಹಾಕಿ ಮೊದಲಿನಂತೆ ಮಾಡಲು ಬಿಡಿ. ಒಂದು ಗರಿಗೇ ಇಷ್ಟು ಪಾಡಾದರೆ ಇಡೀ ಹಕ್ಕಿಗೆ ಎಷ್ಟಾಗಬೇಡ!

ರಾಣಿಬಾಗಿಗೆ ಬುಧವಾರ ರಜೆ, ಆ ದಿನ ಬಿಟ್ಟು ಹೋಗಿ. ಮಕ್ಕಳು ಗಾಜು ಬಡಿಯದಂತೆ ನೋಡಿಕೊಳ್ಳಿ. ಬರೀ ಫೋಟೋ ತೆಗೆದು ಮುಂದೆ ಸಾಗದೆ, ಆ ಹಕ್ಕಿಯ ತವರಿನ ಕತೆಯನ್ನೂ ಹೇಳಿ. ಅವ್ವ ಹೇಳಿದ ಮಾತನ್ನು ಮಕ್ಕಳು ಬಹಳ ದಿನ ಮರೆಯೋದಿಲ್ಲ.