ರೀಲ್ ಇಲ್ಲದ ಗಾಳಕ್ಕೆ ಎಂಥ ಕೈಬಲೆ ಬೇಕು?

ಮಡಿಕೇರಿ: ಜಪಾನಿನ ಬೆಟ್ಟದ ಹೊಳೆಗಳಲ್ಲಿ ಬೆಳೆದ ಗಾಳದ ಪದ್ಧತಿಗೆ ತೆಂಕರ ಅಂತ ಹೆಸರು. ಇದರಲ್ಲಿ ರೀಲ್ ಇಲ್ಲ. ಮೂರೂವರೆ ಮೀಟರ್ ಆಸುಪಾಸಿನ ಕೋಲು, ಅದರ ತುದಿಗೇ ಕಟ್ಟಿದ ಹೆಚ್ಚುಕಮ್ಮಿ ಅಷ್ಟೇ ಉದ್ದದ ದಾರ, ಕೊನೆಯಲ್ಲಿ ಗರಿ, ನೂಲು ಸುತ್ತಿ ಹುಳುವಿನಂತೆ ಮಾಡಿದ ಕೊಕ್ಕೆ. ನಮ್ಮ ಬಿದಿರು ಗಾಳ ಕಂಡವರಿಗೆ ಇದೇನು ಮಹಾ ಅನ್ನಿಸಬಹುದು. ಕಷ್ಟ ಶುರುವಾಗೋದು ಮೀನು ಸಿಕ್ಕಿದ ಮೇಲೆ.

ರೀಲ್ ಇದ್ದರೆ ದಾರ ಸುತ್ತಿ ಮೀನನ್ನು ಹತ್ತಿರ ತರಬಹುದು. ಇಲ್ಲಿ ಕೋಲನ್ನೇ ಹಿಂದಕ್ಕೆ ಬಾಗಿಸಿ, ಮೀನಿನ ತಲೆ ಮೇಲೆತ್ತಿ, ಇನ್ನೊಂದು ಕೈಯಲ್ಲಿ ಬಲೆ ಚಾಚಬೇಕು. ಅಂದ್ರೆ ಬಲೆ ಒಂದೇ ಕೈಗೆ ಆಗುವಷ್ಟು ಹಗುರ ಇರಲೇಬೇಕು.

ಜಪಾನಿನವರ ಬಲೆಯ ಹೆಸರು ತಾಮೊ. ಕಯಾ ಎಂಬ ಮರದ ಕವಲು ಕೊಂಬೆಯನ್ನು ಆರಿಸಿ, ಎರಡು ಕವಲನ್ನೂ ದುಂಡಗೆ ಬಾಗಿಸಿ ತುದಿ ಜೋಡಿಸಿದರೆ ಚೌಕಟ್ಟು. ಕೆಳಗೆ ಉಳಿದ ಬುಡವೇ ಹಿಡಿ. ಹಿಡಿಯನ್ನು ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ದುಂಡಗಿರೋದರಿಂದ ಮೀನು ಯಾವ ಕಡೆಯಿಂದ ಬಂದರೂ ಬಾಯಿ ಅಷ್ಟೇ ಅಗಲ. ಅಗಲ ಸಾಮಾನ್ಯವಾಗಿ 25ರಿಂದ 30 ಸೆಂ.ಮೀ. ಅಲ್ಲಿನ ಇವಾನ, ಯಮಾಮೆ ಮೀನುಗಳು 30 ಸೆಂ.ಮೀ. ಮುಟ್ಟಿದರೇ ದೊಡ್ಡ ಬೇಟೆ, ಆದ್ದರಿಂದ ಇಷ್ಟು ಸಾಕು.

ಚೌಕಟ್ಟಿನ ಅಂದಕ್ಕೆ ಮರುಳಾಗಿ ಜನ ಬಲೆ ನೋಡೋದು ಮರೀತಾರೆ. ಮೀನನ್ನು ವಾಪಸ್ ಬಿಡೋದಾದರೆ ಮುಖ್ಯವಾದದ್ದು ಅದೇ. ಗಂಟಿರುವ ಒರಟು ನೈಲಾನ್ ಬಲೆ ಮೈಮೇಲಿನ ಲೋಳೆಯನ್ನು ಕೆರೆದು ಹಾಕುತ್ತೆ, ರೆಕ್ಕೆ ಸೀಳುತ್ತೆ. ಲೋಳೆ ಹೋದರೆ ಮೀನಿಗೆ ಸೋಂಕು ತಗಲುವುದು ಸುಲಭ. ಈಜಿಕೊಂಡು ಹೋದದ್ದು ಬದುಕಿತು ಅಂತ ಹೇಳಲಾಗದು. ಗಂಟಿಲ್ಲದ, ಸಣ್ಣ ಕಣ್ಣಿನ ಮೆತ್ತನೆ ಬಲೆ ತಗೊಳ್ಳಿ. ರಬ್ಬರ್ ಬಲೆ ಇನ್ನೂ ಒಳ್ಳೇದು, ಕೊಕ್ಕೆಯೂ ಸಿಕ್ಕಿಕೊಳ್ಳಲ್ಲ. ಆದರೆ ತೂಕ ಜಾಸ್ತಿ. ಚೀಲದ ಹಾಗೆ ಆಳ ಇದ್ದರೆ ಮೀನು ಮಡಚಿಕೊಳ್ಳುತ್ತೆ, ಆಳ ಕಮ್ಮಿಯೇ ಇರಲಿ.

ಕೊಡಗಿನಲ್ಲಿ ಇದೇ ಬಲೆ ಸಾಕಾ? ತೊರೆಯ ಸಣ್ಣ ಮೀನಿಗೆ ಸಾಕು. ಕಾವೇರಿಯ ಮಹಶೀರ್‌ಗೆ ತಾಮೊ ಬೊಂಬೆ ಸಾಮಾನಿದ್ದಂತೆ, ತೆಂಕರ ಕೋಲೂ ತಡೆಯಲ್ಲ. ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ 2018ರಿಂದ ಐಯುಸಿಎನ್‌ನ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದು ಗಾಳಕ್ಕೆ ಬಿದ್ದರೆ ಬಲೆಯಲ್ಲಿ ಎತ್ತುವ ಆಸೆ ಬೇಡ, ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಿ.

ಮನೆಯಲ್ಲೇ ಮಾಡ್ಕೊಳ್ಳೋರು ಹಸಿ ಕವಲನ್ನು ಬಾಗಿಸಿ ಕಟ್ಟಿ, ನೆರಳಲ್ಲಿ ಪೂರ್ತಿ ಒಣಗಿಸಿದ ಮೇಲೇ ವಾರ್ನಿಷ್ ಹಚ್ಚಿ. ಬಿಸಿಲಿಗಿಟ್ಟರೆ ಸೀಳು ಬಿಡುತ್ತೆ. ಹೊಳೆಗಿಳಿದ ಕೂಡಲೇ ಬಲೆಯನ್ನೊಮ್ಮೆ ನೀರಲ್ಲಿ ಅದ್ದಿ ನೆನೆಸಿಕೊಳ್ಳಿ, ಕೈಯನ್ನೂ.