ಶಿಲಾಮುಖಗಳ ಕಾವಲು

ದೇವಾಲಯಕ್ಕೆ ಪ್ರದಕ್ಷಿಣೆ ಬರುವಾಗ ಗೋಡೆಯಲ್ಲಿ ಸಿಂಹ, ಮಕರ, ಗೋವುಗಳ ಮುಖಗಳನ್ನು ನಾವು ಕಾಣುತ್ತೇವೆ. ಇವು ಕೇವಲ ಅಲಂಕಾರವೆಂದು ಬಗೆಯುವವರೇ ಹೆಚ್ಚು. ಆದರೆ ಇವುಗಳಲ್ಲಿ ಕೆಲವು ಕಟ್ಟಡವನ್ನು ನೀರಿನಿಂದಲೂ, ಕೆಲವು ಕೇಡಿನಿಂದಲೂ ಕಾಯಲೆಂದು ಕಡೆದವು.

ಕಟ್ಟಡಕ್ಕೆ ನೀರೇ ದೊಡ್ಡ ಶತ್ರು. ಮಾಳಿಗೆಯ ನೀರು ಗೋಡೆಯ ಮೇಲೆಯೇ ಇಳಿದರೆ ಸಂದಿನ ಗಾರೆ ಕರಗುವುದು. ಬುಡದ ಮಣ್ಣು ಸಡಿಲಾಗುವುದು. ಆದುದರಿಂದ ಶಿಲ್ಪಿಗಳು ನೀರನ್ನು ದೂರಕ್ಕೆ ಚೆಲ್ಲುವ ಕಲ್ಲಿನ ನಾಳವನ್ನು ಹೊರಚಾಚಿ ಇಟ್ಟರು. ಗರ್ಭಗುಡಿಯ ಅಭಿಷೇಕದ ನೀರು ಹೊರಬರುವ ನಾಳಕ್ಕೆ ಪ್ರಣಾಳವೆಂದು ಹೆಸರು. ಅದರ ತುದಿಯಲ್ಲಿ ಮಕರನ ಬಾಯಿದ್ದರೆ ಮಕರ ಪ್ರಣಾಳ, ಹಸುವಿನ ಮುಖವಿದ್ದರೆ ಗೋಮುಖ. ಶಿವಾಲಯದಲ್ಲಿ ಇದನ್ನು ದಾಟದೆ ಹಿಂದಿರುಗುವ ಸೋಮಸೂತ್ರ ಪ್ರದಕ್ಷಿಣೆಯನ್ನು ನಮ್ಮ ಹಿರಿಯರು ಬಲ್ಲರು.

ಯುರೋಪಿನಲ್ಲಿ ಇಂತಹ ನಾಳಗಳಿಗೆ ಗಾರ್ಗಾಯ್ಲ್ ಎನ್ನುವರು. ಗಂಟಲು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರಿದು. ರೂವಾಂ ಪಟ್ಟಣದಲ್ಲಿ ಸಂತ ರೊಮೇನನು ಒಂದು ಘಟಸರ್ಪವನ್ನು ಪಳಗಿಸಿದನೆಂದೂ, ಅದನ್ನು ಸುಟ್ಟಾಗ ತಲೆ ಮಾತ್ರ ಬೇಯದೆ ಉಳಿದುದರಿಂದ ಜನರು ಅದನ್ನು ಗೋಡೆಗೆ ಏರಿಸಿದರೆಂದೂ ಅಲ್ಲಿನ ಐತಿಹ್ಯ. ಪ್ಯಾರಿಸಿನ ನೋತ್ರ್ ದಾಮ್ ದೇವಾಲಯದಲ್ಲಿ ಪ್ರಸಿದ್ಧವಾಗಿರುವ ವಿಕಾರಮೂರ್ತಿಗಳು ಮಾತ್ರ ನೀರು ಸುರಿಸುವವಲ್ಲ. ಅವು 19ನೆಯ ಶತಮಾನದ ಜೀರ್ಣೋದ್ಧಾರದಲ್ಲಿ ಸೇರಿದವು.

ನೀರಿಗೆ ಸಂಬಂಧವಿಲ್ಲದ ಕಾವಲು ಮುಖ ನಮ್ಮಲ್ಲಿಯೂ ಉಂಟು. ಅದೇ ಕೀರ್ತಿಮುಖ. ಜಲಂಧರನ ದೂತನಾಗಿ ರಾಹುವು ಶಿವನಲ್ಲಿಗೆ ಬಂದು ಪಾರ್ವತಿಯನ್ನು ಬೇಡಿದನಂತೆ. ಶಿವನ ಕೋಪದಿಂದ ಹುಟ್ಟಿದ ಭೂತವು ರಾಹುವನ್ನು ನುಂಗಲು ಹೋಯಿತು. ಅವನು ಶರಣು ಬಂದುದರಿಂದ ಶಿವನು ಬಿಡಿಸಿದನು. ಹಸಿವೆಯೆಂದು ಗೋಳಿಟ್ಟ ಭೂತವು ಶಿವನ ಮಾತಿನಂತೆ ತನ್ನ ದೇಹವನ್ನೇ ತಿಂದು ಮುಖಮಾತ್ರವಾಗಿ ಉಳಿಯಿತು. ಮೆಚ್ಚಿದ ಶಿವನು ಅದನ್ನು ಬಾಗಿಲಿನ ಕಾವಲಿಗೆ ನಿಲ್ಲಿಸಿದನು.

ಕಾವಲಿನ ಇನ್ನೊಂದು ರೂಪ ಯಾಳಿ. ಸೇಲಂ ಜಿಲ್ಲೆಯ ತಾರಮಂಗಲದ ಕೈಲಾಸನಾಥ ದೇವಾಲಯದಲ್ಲಿ ಯಾಳಿಯ ಬಾಯೊಳಗೆ ಉರುಳುವ, ಆದರೆ ಹೊರಗೆ ತೆಗೆಯಲಾಗದ ಕಲ್ಲಿನ ಗುಂಡನ್ನು ನೋಡಬಹುದು. ಹಿಂದೆ ತಗಡೂರೆನಿಸಿ ನೊಳಂಬರ ಆಳ್ವಿಕೆಯಲ್ಲಿದ್ದ ಧರ್ಮಪುರಿಯ ಕೋಟೆಯ ಗುಡಿಗಳಿಗೆ ಹೋದಾಗಲೂ ವಿದ್ಯಾರ್ಥಿಗಳು ಗೋಡೆಗಳನ್ನು ಗಮನಿಸಲಿ.

ಕಾಯುವ ಈ ಬಾಯಿಗಳನ್ನು ಕಾಯುವ ಹೊಣೆ ನಮ್ಮದು. ಒಣಗಿದ ಎಲೆ ತುಂಬಿಯೋ, ಹೊಸ ಗಾರೆ ಮೆತ್ತಿಯೋ ನಾಳ ಕಟ್ಟಿದರೆ ನೀರು ಒಳಗೇ ನಿಂತು ಗೋಡೆ ಒಸರುವುದು. ಬಿರುಕಿನಲ್ಲಿ ಅರಳಿಯ ಸಸಿ ಬೇರೂರಿ ಕಲ್ಲನ್ನೇ ಸೀಳುವುದು. ಆದಕಾರಣ ಊರಿನ ಗುಡಿಯಲ್ಲಿ ಇಂತಹ ನಾಳ ಕಟ್ಟಿರುವುದನ್ನು ಕಂಡ ಮಕ್ಕಳು ಹಿರಿಯರಿಗೆ ತಿಳಿಸಬೇಕು. ಹಿರಿಯರು ಮಳೆಗಾಲಕ್ಕೆ ಮೊದಲೇ ಅದನ್ನು ಬಿಡಿಸಬೇಕು. ನೂರಾರು ವರ್ಷ ನಿಂತ ಗುಡಿಯನ್ನು ಉಳಿಸಲು ಇದು ಅಲ್ಪ ಶ್ರಮವಷ್ಟೆ.